ಯಾತ್ರೆಯ ಪಾಠ: ಟಾರ್ಚ್ ಮತ್ತು ರೀಚಾರ್ಜಬಲ್ ಸೆಲ್ ಆರಿಸುವುದು ಹೇಗೆ?

ಸ್ವಾಮಿಯೇ ಶರಣಮಯ್ಯಪ್ಪ.

ಇರುಮುಡಿಗೆ ಏನೇನು ಬೇಕು ಎಂದು ಗುರುಸ್ವಾಮಿಗಳು ಹೇಳಿಕೊಡುತ್ತಾರೆ. ಹೆಗಲ ಚೀಲದಲ್ಲಿ ಏನಿರಬೇಕು ಎಂಬುದನ್ನು ಮಾತ್ರ ನಾವು ಕೊನೆಯ ದಿನದವರೆಗೂ ಯೋಚಿಸುವುದಿಲ್ಲ. ಹೊರಡುವ ಸಂಜೆ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಕಣ್ಣಿಗೆ ಕಂಡ ಟಾರ್ಚ್ ಕೊಂಡು ಚೀಲಕ್ಕೆ ತುರುಕುತ್ತೇವೆ. ನಮ್ಮ ಊರ ಕಡೆ ಟಾರ್ಚಿಗೂ ‘ಬ್ಯಾಟರಿ’ ಎಂದೇ ಹೇಳುತ್ತಾರೆ. ಆ ಹೆಸರಿನಲ್ಲೇ ಅರ್ಧ ಪಾಠ ಇದೆ. ಒಳಗಿನ ಸೆಲ್ ಒಳ್ಳೆಯದಿದ್ದರೆ ಮಾತ್ರ ಅದು ಟಾರ್ಚ್, ಇಲ್ಲದಿದ್ದರೆ ಬರೀ ಕೊಳವೆ.

ನನ್ನ ಮೊದಲ ದೊಡ್ಡಪಾದ ಯಾತ್ರೆಯ ಮಾತು. ಎರುಮೇಲಿಯಿಂದ ಅಳುದಾ ದಾಟಿ ನಡೆಯುತ್ತಿದ್ದೆವು. ತಂಡದಲ್ಲಿ ಒಬ್ಬರಿಗೆ ಕಾಲು ಸೆಳೆತ ಬಂದು ಕರಿಮಲೆ ಇಳಿಯುವುದು ತಡವಾಯಿತು. ಕಾಡಿನೊಳಗೆ ಕತ್ತಲೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಮರದ ನೆರಳಲ್ಲಿ ಬಯಲಿಗಿಂತ ಅರ್ಧ ಗಂಟೆ ಮೊದಲೇ ದಾರಿ ಕಾಣದಾಯಿತು. ನನ್ನ ಕೈಯಲ್ಲಿ ಇದ್ದದ್ದು ಪೆಟ್ಟಿಗೆಯ ಮೇಲೆ ‘10000 ಲುಮೆನ್’ ಎಂದು ಬರೆದಿದ್ದ ಟಾರ್ಚ್. ಮೊದಲ ಐದು ನಿಮಿಷ ಹಗಲಿನಂತೆ ಬೆಳಗಿತು, ಇಪ್ಪತ್ತನೇ ನಿಮಿಷಕ್ಕೆ ಮಿಣುಕು ಹುಳ ಆಯಿತು. ಕೊನೆಗೆ ಗುರುಸ್ವಾಮಿಯವರ ಹಳೆಯ ಎರಡು ಸೆಲ್ಲಿನ ಟಾರ್ಚ್ ಒಂದರ ಹಿಂದೆ ಹನ್ನೊಂದು ಜನ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಇಳಿದೆವು. ಹದಿನೇಳು ವರ್ಷದ ಕನ್ನಿಸ್ವಾಮಿಯೊಬ್ಬ ಬೇರಿಗೆ ಎಡವಿ ಕಾಲು ಉಳುಕಿಸಿಕೊಂಡ. ಮರುದಿನ ನೀಲಿಮಲೆಯನ್ನು ಅವನು ಇಬ್ಬರ ಆಸರೆಯಲ್ಲಿ ಹತ್ತಿದ. ದರ್ಶನ ಆಯಿತು, ಸ್ವಾಮಿಯ ಕೃಪೆ. ಆದರೆ ಆ ಹುಡುಗನ ಕಾಲು ಉಳುಕಿದ್ದು ನನ್ನ ಅಜ್ಞಾನದಿಂದ. ಈ ಪಾಠ ಬರೆಯುವ ಕಾರಣ ಅದೇ.

ಮೊದಲು: ಟಾರ್ಚ್ ಎಲ್ಲಿ ಬೇಕಾಗುತ್ತದೆ?

ಪಂಪಾದಿಂದ ಸನ್ನಿಧಾನದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ವಿದ್ಯುತ್ ದೀಪಗಳಿವೆ, ಜನಸಂದಣಿಯೂ ಇರುತ್ತದೆ. ಅಲ್ಲಿ ಟಾರ್ಚ್ ಕರೆಂಟ್ ಹೋದಾಗಿನ ಆಸರೆ ಮಾತ್ರ. ನಿಜವಾಗಿ ಬೇಕಾಗುವುದು ಇಲ್ಲೆಲ್ಲ:

- ನಿಲಕ್ಕಲ್‌ನ ದೊಡ್ಡ ಪಾರ್ಕಿಂಗ್‌ನಲ್ಲಿ ರಾತ್ರಿ ನಿಮ್ಮ ಗಾಡಿ ಹುಡುಕುವಾಗ, ಶೌಚಕ್ಕೆ ಹೋಗುವಾಗ
- ನಸುಕಿನಲ್ಲಿ ಪಂಪೆಯಲ್ಲಿ ಸ್ನಾನಕ್ಕೆ ಇಳಿಯುವಾಗ, ಜಾರುವ ಮೆಟ್ಟಿಲು ನೋಡಲು
- ಘಾಟಿ ರಸ್ತೆಯಲ್ಲಿ ಗಾಡಿ ಪಂಕ್ಚರ್ ಆದಾಗ
- ವಿರಿ ಹಾಕಿ ಮಲಗಿದಲ್ಲಿ, ಚೀಲದಲ್ಲಿ ಔಷಧಿ ಹುಡುಕುವಾಗ
- ಕಾಡುದಾರಿಯಲ್ಲಿ ಲೆಕ್ಕ ತಪ್ಪಿ ಕತ್ತಲಾದಾಗ

ಕೊನೆಯದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಳ್ಳೆಯ ಟಾರ್ಚ್ ಇದೆ ಎಂದು ರಾತ್ರಿ ಕಾಡಿನಲ್ಲಿ ನಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ಶಬರಿಮಲೆ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿದೆ, ಆನೆಗಳ ಓಡಾಟ ಇದ್ದೇ ಇದೆ. ಎರುಮೇಲಿ–ಕರಿಮಲೆ ದಾರಿಗೂ ಸತ್ರಂ–ಪುಲ್ಲುಮೇಡು ದಾರಿಗೂ ಪ್ರವೇಶದ ಸಮಯ ನಿಗದಿ ಮಾಡಿರುತ್ತಾರೆ. ಆ ವರ್ಷದ ಸಮಯ ಕೇಳಿಕೊಂಡು ಬೆಳಕಿನಲ್ಲೇ ದಾಟಿ. 2011ರ ಜನವರಿ 14ರ ರಾತ್ರಿ ಪುಲ್ಲುಮೇಡಿನಲ್ಲಿ ಮಕರಜ್ಯೋತಿ ನೋಡಿ ಹಿಂದಿರುಗುವಾಗ ನಡೆದ ಕಾಲ್ತುಳಿತದಲ್ಲಿ ನೂರಕ್ಕೂ ಹೆಚ್ಚು ಸ್ವಾಮಿಗಳು ಪ್ರಾಣ ಕಳೆದುಕೊಂಡರು. ಬೆಟ್ಟ, ಕತ್ತಲೆ, ಜನಸಂದಣಿ ಮೂರೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಟಾರ್ಚ್ ಇರುವುದು ತಡವಾದಾಗ ಪಾರಾಗಲು, ತಡ ಮಾಡಲು ಅಲ್ಲ.

‘ಮೊಬೈಲ್ ಇದೆಯಲ್ಲ ಸ್ವಾಮಿ?’ ಎಂದು ಕೇಳುವವರಿಗೆ: ನಿಮ್ಮ ವರ್ಚುವಲ್ ಕ್ಯೂ ಟಿಕೆಟ್ ಇರುವುದು ಮೊಬೈಲಿನಲ್ಲಿ, ತಂಡದವರ ನಂಬರ್ ಇರುವುದೂ ಅದರಲ್ಲಿ. ತಪ್ಪಿಸಿಕೊಂಡಾಗ ಕರೆ ಮಾಡಬೇಕಾದದ್ದೂ ಅದರಿಂದಲೇ. ಅದರ ಚಾರ್ಜನ್ನು ದಾರಿ ನೋಡಲು ಖರ್ಚು ಮಾಡಬೇಡಿ. ಜೊತೆಗೆ ಒದ್ದೆ ಕೈಯಿಂದ ಮೊಬೈಲ್ ಜಾರಿ ಪಂಪೆಗೆ ಬಿದ್ದರೆ ಬೆಳಕೂ ಹೋಯಿತು, ಟಿಕೆಟ್ಟೂ ಹೋಯಿತು.

ಲುಮೆನ್ ಲೆಕ್ಕ: ಸುಳ್ಳನ್ನು ನೀವೇ ಹಿಡಿಯಬಹುದು

ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ ಲುಮೆನ್. ನಮ್ಮ ಕೆಲಸಕ್ಕೆ ಎಷ್ಟು ಬೇಕು?

- ಚೀಲದಲ್ಲಿ ಹುಡುಕಲು, ಮಲಗಿದವರ ನಡುವೆ ನಡೆಯಲು: 5ರಿಂದ 20 ಲುಮೆನ್
- ಕಾಲುದಾರಿಯಲ್ಲಿ ನಡೆಯಲು: 50ರಿಂದ 150 ಲುಮೆನ್
- ಅರೆಕ್ಷಣ ದೂರ ನೋಡಲು: 300 ಲುಮೆನ್ ಸಾಕು

ಈಗ ಒಂದು ಸಣ್ಣ ಲೆಕ್ಕ. ಒಳ್ಳೆಯ ಎಲ್ಇಡಿ ಟಾರ್ಚಿನಲ್ಲಿ ಸುಮಾರು 100 ಲುಮೆನ್‌ಗೆ 1 ವ್ಯಾಟ್ ಬೇಕು ಎಂದು ಇಟ್ಟುಕೊಳ್ಳಿ. ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಒಳ್ಳೆಯ ಲಿಥಿಯಂ ಸೆಲ್ 3000 ಎಂಎಎಚ್ ಇದ್ದರೆ, ಅದನ್ನು 3.6 ವೋಲ್ಟಿನಿಂದ ಗುಣಿಸಿ: ಸುಮಾರು 10.8 ವ್ಯಾಟ್-ಅವರ್ ಶಕ್ತಿ. 100 ಲುಮೆನ್‌ನಲ್ಲಿ ಉರಿಸಿದರೆ, ಒಳಗಿನ ನಷ್ಟ ಕಳೆದು ಒಂಬತ್ತು ಗಂಟೆ ಬರುತ್ತದೆ. 1000 ಲುಮೆನ್ ಆದರೆ 10 ವ್ಯಾಟ್, ಒಂದು ಗಂಟೆಯೂ ಕಷ್ಟ. ಟಾರ್ಚಿನ ಮೈ ಹಿಡಿಯಲಾಗದಷ್ಟು ಬಿಸಿ ಆಗುವುದರಿಂದ ಅದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಇನ್ನು 10000 ಲುಮೆನ್? 100 ವ್ಯಾಟ್ ಬೇಕು. ಅದು ಸೋಲ್ಡರಿಂಗ್ ಐರನ್‌ಗಿಂತ ಹೆಚ್ಚಿನ ಶಕ್ತಿ. ಆ ಒಂದು ಸೆಲ್ ಅಷ್ಟು ಕೊಟ್ಟರೂ ಆರು ನಿಮಿಷದಲ್ಲಿ ಖಾಲಿ. ಅಂಗೈಯಲ್ಲಿ ಹಿಡಿಯುವ ಒಂದು ಸೆಲ್ಲಿನ ಟಾರ್ಚಿನ ಮೇಲೆ ಇಂಥ ಸಂಖ್ಯೆ ಕಂಡರೆ ಉಳಿದದ್ದನ್ನೂ ನಂಬಬೇಡಿ, ಅಲ್ಲೇ ಇಟ್ಟು ಬನ್ನಿ.

ಒಳ್ಳೆಯ ಟಾರ್ಚಿನ ಪೆಟ್ಟಿಗೆಯಲ್ಲಿ ‘ಎಎನ್‌ಎಸ್‌ಐ ಎಫ್‌ಎಲ್1’ ಎಂಬ ಅಳತೆಯ ಗುರುತು ಇರುತ್ತದೆ. ಅದನ್ನು ಓದುವಾಗ ಎರಡು ವಿಷಯ ನೆನಪಿರಲಿ. ‘ರನ್‌ಟೈಮ್ 6 ಗಂಟೆ’ ಎಂದರೆ ಆರು ಗಂಟೆಯೂ ಅದೇ ಬೆಳಕು ಎಂದಲ್ಲ. ಆರಂಭದ ಬೆಳಕಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. ‘ದೂರ 200 ಮೀಟರ್’ ಎಂದರೆ ಆ ದೂರದಲ್ಲಿ ಹುಣ್ಣಿಮೆಯ ತಿಂಗಳ ಬೆಳಕಿನಷ್ಟು ಮಾತ್ರ ಬೀಳುತ್ತದೆ. ಕಲ್ಲು, ಬೇರು ಸ್ಪಷ್ಟವಾಗಿ ಕಾಣಬೇಕಾದರೆ ಅದರ ಅರ್ಧಕ್ಕಿಂತ ಕಡಿಮೆ ಎಂದು ತಿಳಿಯಿರಿ.

ಗಟ್ಟಿ ಟಾರ್ಚಿನ ಲಕ್ಷಣಗಳು

ಮಂಡಲ ಕಾಲ ಶುರುವಾಗುವುದು ನವೆಂಬರ್ ಮಧ್ಯದಲ್ಲಿ. ಕೇರಳದಲ್ಲಿ ಅದು ತುಲಾವರ್ಷದ ಮಳೆ ಇನ್ನೂ ಮುಗಿಯದ ಸಮಯ, ಸಂಜೆಯ ಗುಡುಗು ಮಳೆ ಸಾಮಾನ್ಯ. ಆದ್ದರಿಂದ ನೀರಿನ ರಕ್ಷಣೆ ಮೊದಲು ನೋಡಿ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಚಿಮ್ಮುವ ನೀರು ತಡೆಯುತ್ತದೆ. ಮಳೆಗೆ ಇದು ಕನಿಷ್ಠ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಪರವಾಗಿಲ್ಲ. ಪಂಪೆಯಲ್ಲಿ ಕೈಜಾರಿದರೂ ಚಿಂತೆ ಇಲ್ಲ. ಮುಚ್ಚಳ ಬಿಚ್ಚಿ ನೋಡಿ: ರಬ್ಬರಿನ ಉಂಗುರ ಇರಬೇಕು, ಅದು ಬಿರುಕು ಬಿಟ್ಟಿರಬಾರದು.

ಮೈ ಅಲ್ಯುಮಿನಿಯಂ ಇದ್ದರೆ ಬಿಸಿಯನ್ನು ಹೊರಗೆ ಬಿಡುತ್ತದೆ, ಎಲ್ಇಡಿ ಬಾಳಿಕೆ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೂಡ ಕಡಿಮೆ ಬೆಳಕಿನ ಟಾರ್ಚಿಗೆ ನಡೆಯುತ್ತದೆ. ಎಳೆದು ಫೋಕಸ್ ಬದಲಿಸುವ ‘ಝೂಮ್’ ಟಾರ್ಚುಗಳು ಅಂಗಡಿಯಲ್ಲಿ ಚೆಂದ. ಆದರೆ ಆ ಜಾರುವ ಭಾಗದಿಂದಲೇ ನೀರೂ ಧೂಳೂ ಒಳಗೆ ಹೋಗುವುದು ಹೆಚ್ಚು. ನಡೆಯಲು ಬೇಕಾದದ್ದು ನಡುವೆ ಸ್ವಲ್ಪ ಪ್ರಖರ, ಸುತ್ತ ಹರಡಿದ ಬೆಳಕು. ಕಾಲಿನ ಬುಡವೂ ಮುಂದಿನ ಹತ್ತು ಹೆಜ್ಜೆಯೂ ಒಟ್ಟಿಗೆ ಕಾಣಬೇಕು.

ಬಟನ್ ಒತ್ತಿದರೆ ಮೊದಲು ಕಡಿಮೆ ಬೆಳಕೇ ಬರುವಂಥದ್ದು ಉತ್ತಮ. ಪ್ರತಿ ಸಲ ಎಸ್‌ಒಎಸ್, ಮಿಟುಕು ಎಲ್ಲ ದಾಟಿ ಬರಬೇಕಾದ ಟಾರ್ಚ್ ಕತ್ತಲೆಯಲ್ಲಿ ಕಿರಿಕಿರಿ.

ಬೆಳಕಿನ ಬಣ್ಣವೂ ಮುಖ್ಯ. ನೀಲಿ ಛಾಯೆಯ ಬಿಳಿ 6000 ಕೆಲ್ವಿನ್‌ಗೂ ಮೇಲೆ, ತಿಳಿ ಬಿಳಿ 4000ರಿಂದ 5000 ಕೆಲ್ವಿನ್. ಎರಡನೆಯದರಲ್ಲಿ ಕೆಸರು, ಕಲ್ಲು, ಬೇರಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಕಣ್ಣಿಗೂ ಹಿತ.

ಹಣೆಗೆ ಕಟ್ಟುವುದೋ, ಕೈಯಲ್ಲಿ ಹಿಡಿಯುವುದೋ?

ಚಾರಣದ ಪುಸ್ತಕಗಳೆಲ್ಲ ಹೆಡ್‌ಲ್ಯಾಂಪ್ ಕೊಳ್ಳಿ ಎನ್ನುತ್ತವೆ. ಆದರೆ ನಮ್ಮ ತಲೆಯ ಮೇಲೆ ಇರುಮುಡಿ ಇರುತ್ತದೆ ಸ್ವಾಮಿ! ಪಟ್ಟಿ ಜಾರುತ್ತದೆ, ಮುಡಿಯ ಬಟ್ಟೆ ಬೆಳಕಿಗೆ ಅಡ್ಡ ಬರುತ್ತದೆ. ಒಂದು ಕೈ ಇರುಮುಡಿಗೆ, ಇನ್ನೊಂದು ಕೈ ಕೋಲಿಗೋ ಕಂಬಿಗೋ. ಹಾಗಾದರೆ ಟಾರ್ಚ್ ಎಲ್ಲಿ? ಹೆಡ್‌ಲ್ಯಾಂಪನ್ನು ಕೊರಳಿಗೆ ಹಾರದಂತೆ ಹಾಕಿ ದೀಪವನ್ನು ಕೆಳಗೆ ಬಗ್ಗಿಸಿಕೊಳ್ಳಿ. ಅಥವಾ ಕ್ಲಿಪ್ ಇರುವ, ತಲೆ ಪಕ್ಕಕ್ಕೆ ತಿರುಗಿರುವ ಟಾರ್ಚನ್ನು ಹೆಗಲ ಚೀಲದ ಪಟ್ಟಿಗೆ ಸಿಕ್ಕಿಸಿ. ಎರಡರಲ್ಲೂ ಕೈ ಖಾಲಿ ಇರುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಮಂಜು ಕವಿದಾಗ ಹಣೆಯ ದೀಪ ಮಂಜಿಗೆ ಬಡಿದು ನೇರ ಕಣ್ಣಿಗೇ ಹಿಂದಿರುಗುತ್ತದೆ, ಎದುರಿಗೆ ಬಿಳಿ ಗೋಡೆ ಕಟ್ಟಿದಂತೆ. ದೀಪ ಎದೆ ಅಥವಾ ಸೊಂಟದ ಎತ್ತರದಲ್ಲಿದ್ದು ಬೆಳಕು ಕಡಿಮೆ ಇದ್ದರೆ ನೆಲ ಕಾಣುತ್ತದೆ. ಮಂಜಿನಲ್ಲಿ ಬೆಳಕು ಹೆಚ್ಚಿಸಬೇಡಿ, ತಗ್ಗಿಸಿ.

ಯಾವ ಸೆಲ್? ಮೂರು ದಾರಿ

*ಒಂದು: ಪೆನ್ಸಿಲ್ ಸೆಲ್, ಅಂದರೆ ಎಎ.* ರೀಚಾರ್ಜ್ ಮಾಡುವಂಥದ್ದು ನಿಕಲ್ ಮೆಟಲ್ ಹೈಡ್ರೈಡ್. 1.2 ವೋಲ್ಟ್, ಸಾಮಾನ್ಯವಾಗಿ 2000 ಎಂಎಎಚ್. ಹಳೆಯ ಮಾದರಿಯ ಈ ಸೆಲ್‌ಗಳು ಚಾರ್ಜ್ ಮಾಡಿ ಇಟ್ಟರೂ ತಿಂಗಳೊಳಗೆ ಸಾಕಷ್ಟು ಸೋರಿಹೋಗುತ್ತಿದ್ದವು. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ‘ಎನಿಲೂಪ್’ ಹೆಸರಿನಲ್ಲಿ ಕಡಿಮೆ ಸೋರುವ ಸೆಲ್ ತಂದಿತು. ಈಗ ಬೇರೆ ಕಂಪನಿಗಳೂ ಅಂಥವನ್ನು ಮಾಡುತ್ತವೆ. ಪೊಟ್ಟಣದ ಮೇಲೆ ‘ರೆಡಿ ಟು ಯೂಸ್’, ‘ಪ್ರೀ ಚಾರ್ಜ್ಡ್’ ಅಥವಾ ‘ಲೋ ಸೆಲ್ಫ್ ಡಿಸ್ಚಾರ್ಜ್’ ಎಂದು ಇದ್ದರೆ ಆ ಜಾತಿ. ವರ್ಷಕ್ಕೆ ಒಂದೆರಡು ಸಲ ಟಾರ್ಚ್ ಹಿಡಿಯುವ ನಮ್ಮಂಥವರಿಗೆ ಇದೇ ಸರಿ. 2000ಕ್ಕಿಂತ ತುಂಬ ದೊಡ್ಡ ಸಂಖ್ಯೆಗೆ ಆಸೆ ಪಡಬೇಡಿ. 4000 ಎಂಎಎಚ್ ಎಂದು ಬರೆದ ಪೆನ್ಸಿಲ್ ಸೆಲ್ ಇದ್ದರೆ ಅದು ಸುಳ್ಳು.

ಎರಡು ಸೆಲ್ ಸೇರಿದರೆ ಸುಮಾರು 4.8 ವ್ಯಾಟ್-ಅವರ್. 100 ಲುಮೆನ್‌ನಲ್ಲಿ ನಾಲ್ಕು ಗಂಟೆ. ಇದರ ದೊಡ್ಡ ಗುಣ ಏನೆಂದರೆ, ಎಲ್ಲ ಖಾಲಿಯಾದರೂ ಎರುಮೇಲಿಯ ಯಾವುದೇ ಅಂಗಡಿಯಲ್ಲಿ ಸಾದಾ ಪೆನ್ಸಿಲ್ ಸೆಲ್ ಸಿಗುತ್ತದೆ.

*ಎರಡು: 18650 ಲಿಥಿಯಂ ಸೆಲ್.* ಹೆಸರಿನಲ್ಲೇ ಅಳತೆ ಇದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ತುಂಬಿದಾಗ 4.2 ವೋಲ್ಟ್. ಎರಡು ಪೆನ್ಸಿಲ್ ಸೆಲ್ಲಿಗಿಂತ ಎರಡು ಪಟ್ಟು ಶಕ್ತಿ, ತೂಕ ಸುಮಾರು 45 ಗ್ರಾಂ ಮಾತ್ರ. ಆದರೆ ಇದು ದಾರಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಜೊತೆಗೆ ಮೋಸವೂ ಇಲ್ಲೇ ಹೆಚ್ಚು. ಈ ಗಾತ್ರದಲ್ಲಿ ನಿಜವಾದ ಸಾಮರ್ಥ್ಯ ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ‘9900 ಎಂಎಎಚ್’ ಎಂದು ಬರೆದದ್ದು ಖಂಡಿತ ನಕಲಿ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಸೆಲ್ಲಿಗೆ ಹೊಸ ಅಂಗಿ ತೊಡಿಸಿ ಮಾರುವುದೂ ಉಂಟು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ, 30 ಗ್ರಾಂ ಬಂದರೆ ಒಳಗೆ ಏನೋ ಕಡಿಮೆ ಇದೆ. ಕೊಳ್ಳುವುದಾದರೆ ರಕ್ಷಣಾ ಸರ್ಕ್ಯೂಟ್ ಇರುವ ‘ಪ್ರೊಟೆಕ್ಟೆಡ್’ ಸೆಲ್ ಕೊಳ್ಳಿ. ಅದು ಮೂರ್ನಾಲ್ಕು ಮಿ.ಮೀ. ಉದ್ದ ಹೆಚ್ಚು ಇರುತ್ತದೆ, ನಿಮ್ಮ ಟಾರ್ಚಿನಲ್ಲಿ ಕೂರುತ್ತದೆಯೇ ನೋಡಿಕೊಳ್ಳಿ.

*ಮೂರು: ಒಳಗೇ ಬ್ಯಾಟರಿ ಇರುವ ಟಾರ್ಚ್.* ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ ಟಾರ್ಚ್ ಅನುಕೂಲವೇ, ಪವರ್ ಬ್ಯಾಂಕಿನಿಂದಲೂ ತುಂಬಬಹುದು. ಬ್ಯಾಟರಿ ಬದಲಿಸಲು ಬರುವಂಥದ್ದನ್ನೇ ಆರಿಸಿ, ಇಲ್ಲದಿದ್ದರೆ ಬ್ಯಾಟರಿ ಸತ್ತ ದಿನ ಟಾರ್ಚೂ ಸತ್ತಿತು. ಗೋಡೆಗೆ ನೇರ ಚುಚ್ಚುವ ಅಗ್ಗದ, ಭಾರದ ಟಾರ್ಚುಗಳಲ್ಲಿ ಹಲವು ಲೆಡ್ ಆಸಿಡ್ ಬ್ಯಾಟರಿಯವು. ಅವನ್ನು ಮಕರಜ್ಯೋತಿ ಮುಗಿಸಿ ಅಟ್ಟಕ್ಕೆ ಹಾಕಿ, ಹತ್ತು ತಿಂಗಳು ಚಾರ್ಜ್ ಮಾಡದೆ ಬಿಟ್ಟರೆ ಒಳಗಿನ ತಟ್ಟೆ ಹಾಳಾಗುತ್ತದೆ. ಮುಂದಿನ ಕಾರ್ತಿಕಕ್ಕೆ ತೆಗೆದರೆ ಉಸಿರಿಲ್ಲ. ‘ಹೋದ ವರ್ಷ ಚೆನ್ನಾಗಿತ್ತಲ್ಲ’ ಎಂದು ಗೊಣಗುವ ಟಾರ್ಚುಗಳ ಕಥೆ ಬಹುಪಾಲು ಇದೇ.

ನನ್ನ ಸಲಹೆ: ಕನ್ನಿಸ್ವಾಮಿಗಳಿಗೆ ಒಂದು ಅಥವಾ ಎರಡು ಪೆನ್ಸಿಲ್ ಸೆಲ್ಲಿನ ಟಾರ್ಚ್. ತಂಡಕ್ಕೆ ಬೇಕಾದ ದೊಡ್ಡ ಟಾರ್ಚ್ ಮಾತ್ರ 18650, ಅದೂ ತಿಳಿದವರ ಕೈಯಲ್ಲಿ. ಮೂರು ಸೆಲ್ಲಿನ ಟಾರ್ಚ್ ಬೇಡ, ಅಗ್ಗದ ಚಾರ್ಜರ್‌ಗಳು ಸೆಲ್ಲನ್ನು ಜೋಡಿಯಾಗಿ ಮಾತ್ರ ತುಂಬುತ್ತವೆ, ಮೂರನೆಯದು ಹೊರಗೆ ಉಳಿಯುತ್ತದೆ.

ಒಂದು ಎಚ್ಚರಿಕೆ: 14500 ಎಂಬ ಲಿಥಿಯಂ ಸೆಲ್ ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇರುತ್ತದೆ. ಆದರೆ ಅದು 3.7 ವೋಲ್ಟ್. ಸಾದಾ ಟಾರ್ಚಿಗೆ ಹಾಕಿದರೆ ಎಲ್ಇಡಿ ಸುಟ್ಟೀತು.

ಸೆಲ್ಲಾಗಲಿ ಪವರ್ ಬ್ಯಾಂಕಾಗಲಿ, ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ‘ಬಿಐಎಸ್ ಕೇರ್’ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರದು ಎಂದು ತೋರಿಸುತ್ತದೆ.

ಚಾರ್ಜರ್: ಎಲ್ಲರೂ ಉಳಿಸುವ ಹಣ, ಎಲ್ಲರೂ ಕಳೆಯುವ ಸೆಲ್

ಒಳ್ಳೆಯ ಸೆಲ್ ಕೊಂಡು ಅಗ್ಗದ ಚಾರ್ಜರ್‌ಗೆ ಹಾಕುವುದು ಒಳ್ಳೆಯ ತುಪ್ಪವನ್ನು ಸೋರುವ ಡಬ್ಬಿಗೆ ಹಾಕಿದಂತೆ. ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪ, ತುಂಬಿದಾಗ ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ಕೊಳ್ಳಿ. 2000 ಎಂಎಎಚ್ ಸೆಲ್ಲನ್ನು 500 ಮಿಲಿಆಂಪಿಯರ್‌ನಲ್ಲಿ ತುಂಬಿದರೆ ಲೆಕ್ಕಕ್ಕೆ ನಾಲ್ಕು ಗಂಟೆ, ನಷ್ಟ ಸೇರಿ ಐದು ಗಂಟೆ ಹತ್ತಿರ. ‘ಹದಿನೈದು ನಿಮಿಷದಲ್ಲಿ ಫುಲ್’ ಎನ್ನುವುದು ಸೆಲ್ಲಿನ ಆಯುಸ್ಸು ತಿನ್ನುತ್ತದೆ.

- ಸಾದಾ ಆಲ್ಕಲೈನ್ ಸೆಲ್ಲನ್ನು ಚಾರ್ಜರ್‌ಗೆ ಹಾಕಬೇಡಿ, ಸೋರುತ್ತದೆ, ಸಿಡಿಯಲೂಬಹುದು.
- ಹೊಸದು ಹಳೆಯದು, ತುಂಬಿದ್ದು ಖಾಲಿಯದು, ಎರಡು ಕಂಪನಿಯದು ಬೆರೆಸಬೇಡಿ. ಜೋಡಿಗೆ ಸ್ಕೆಚ್ ಪೆನ್ನಿನಲ್ಲಿ 1, 1. 2, 2 ಎಂದು ಬರೆದು, ಕೊಂಡ ತಿಂಗಳೂ ಬರೆದಿಡಿ.
- ಲಿಥಿಯಂ ಸೆಲ್ಲಿಗೆ ಲಿಥಿಯಂ ಚಾರ್ಜರ್ ಮಾತ್ರ. ಹಾಸಿಗೆಯ ಮೇಲೆ, ಎಲ್ಲರೂ ಮಲಗಿದ ಮೇಲೆ, ಓಡುವ ಗಾಡಿಯಲ್ಲಿ ಚಾರ್ಜಿಗೆ ಇಡಬೇಡಿ.
- ಉಬ್ಬಿದ, ಅಂಗಿ ಹರಿದ ಸೆಲ್ ಬಳಸಬೇಡಿ. ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಜೊತೆ ಚೀಲದಲ್ಲಿ ಹಾಕಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಸೆಲ್ಲಿಗೆ ಚಿಕ್ಕ ಡಬ್ಬಿ ಇರಲಿ.

ದೂರದಿಂದ ಹೊರಡುವವರಿಗೆ

ದೆಹಲಿಯಿಂದ ರೈಲಿನಲ್ಲಿ ಕೋಟ್ಟಯಂ ಅಥವಾ ಚೆಂಗನ್ನೂರು ತಲುಪಲು ಎರಡು ದಿನ ಬೇಕು. ಬೋಗಿಯ ಚಾರ್ಜಿಂಗ್ ಪಾಯಿಂಟ್ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಂದ್ ಇರಬಹುದು, ಹಗಲಿನಲ್ಲಿ ಅದಕ್ಕೆ ಹತ್ತು ಮೊಬೈಲ್ ಕಾಯುತ್ತಿರುತ್ತವೆ. ಸೆಲ್ ಎಲ್ಲ ಮನೆಯಲ್ಲೇ ತುಂಬಿಕೊಂಡು ಹೊರಡಿ.

ವಿಮಾನದಲ್ಲಿ ಕೊಚ್ಚಿ ಅಥವಾ ತಿರುವನಂತಪುರಕ್ಕೆ ಹೋಗುವವರು ಬಿಡಿ ಲಿಥಿಯಂ ಸೆಲ್ಲನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್, ಮಿತಿಯೊಳಗೇ ಇದೆ. ಆದರೆ ಮೇಲೆ ಬರೆದದ್ದು ಅಳಿಸಿಹೋಗಿದ್ದರೆ ತಡೆಯುತ್ತಾರೆ.

ಮುಂಬೈ, ಪುಣೆ, ಹೈದರಾಬಾದಿನಿಂದ ಟೆಂಪೊ ಟ್ರಾವೆಲರ್‌ನಲ್ಲಿ ಹೋಗುವವರಿಗೆ ಬಹಳ ಮುಖ್ಯವಾದ ಮಾತು. ನಾವು ಉಡುವುದು ಕಪ್ಪು, ಕಡುನೀಲಿ. ರಾತ್ರಿ ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ ಇಳಿದರೆ ಹಿಂದಿನಿಂದ ಬರುವ ಲಾರಿ ಚಾಲಕನಿಗೆ ನಾವು ಕಾಣುವುದೇ ಇಲ್ಲ. ಕೈಯಲ್ಲಿ ಟಾರ್ಚ್ ಉರಿಯುತ್ತಿರಲಿ, ನೆಲಕ್ಕೆ ತಿರುಗಿರಲಿ. ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹೊಲಿಸಿ. ರಸ್ತೆಯಲ್ಲಿ ಪಾದಯಾತ್ರೆ ಮಾಡುವ ತಂಡದ ಕೊನೆಯ ಸ್ವಾಮಿಯ ಬೆನ್ನಿಗೆ ಸೈಕಲ್ಲಿನ ಕೆಂಪು ಮಿಟುಕು ದೀಪ ಇರಲೇಬೇಕು. ದಾರಿ ನೋಡಲು ಒಂದು ಬೆಳಕು, ನಾವು ಕಾಣಿಸಲು ಇನ್ನೊಂದು ಬೆಳಕು. ಎರಡನೆಯದನ್ನು ಮರೆತರೆ ಮೊದಲನೆಯದು ಕಾಪಾಡುವುದಿಲ್ಲ.

ಹತ್ತು ಜನರ ತಂಡಕ್ಕೆ ಒಂದು ಪಟ್ಟಿ

ಪ್ರತಿಯೊಬ್ಬರೂ ಅಗ್ಗದ್ದೊಂದು ಕೊಳ್ಳುವ ಬದಲು ಹಣ ಕೂಡಿಸಿ ಹೀಗೆ ಮಾಡಿ:

- ಎರಡು ಗಟ್ಟಿ ಟಾರ್ಚ್: ಒಂದು ಮುಂದಿನ ಸ್ವಾಮಿಗೆ, ಒಂದು ಕೊನೆಯ ಸ್ವಾಮಿಗೆ
- ಉಳಿದವರಿಗೆ ಒಂದು ಸೆಲ್ಲಿನ ಚಿಕ್ಕ ಟಾರ್ಚ್, ಕೊರಳ ದಾರದ ಜೊತೆ. ಮಣಿಕಂಠ ಸ್ವಾಮಿಗಳಿದ್ದರೆ ಅವರಿಗೆ ತಪ್ಪದೆ ಕೊಡಿ
- ಗಾಡಿಯಲ್ಲಿ ಒಂದು ಹೆಡ್‌ಲ್ಯಾಂಪ್, ಟೈರ್ ಬದಲಿಸಲು
- ಬದಲಿಗೆ ಎಂಟು ತುಂಬಿದ ಪೆನ್ಸಿಲ್ ಸೆಲ್, ಡಬ್ಬಿಯಲ್ಲಿ
- ನಾಲ್ಕು ಸೆಲ್ಲಿನ ಒಂದು ಸ್ಮಾರ್ಟ್ ಚಾರ್ಜರ್

ನಾಲ್ಕು ರಾತ್ರಿಗೆ, ದಿನಕ್ಕೆ ಎರಡು ಗಂಟೆ ಎಂದರೂ ಎಂಟು ಗಂಟೆ ಬೆಳಕು. ಎರಡು ಸೆಲ್ಲಿನ ಟಾರ್ಚಿಗೆ ಎರಡು ಜೋಡಿ ಸಾಕು.

41 ದಿನವೂ ಪರೀಕ್ಷೆಯ ಕಾಲ

ಮಾಲೆ ಹಾಕಿದ ವಾರವೇ ಟಾರ್ಚ್ ಕೊಳ್ಳಿ. ಯಾತ್ರೆಯ ಹಿಂದಿನ ದಿನ ಕೊಂಡ ವಸ್ತು ಪರೀಕ್ಷೆಯಾಗುವುದು ಕಾಡಿನಲ್ಲಿ.

1. ಸೆಲ್ ತುಂಬಿಸಿ, ನಡೆಯುವ ಬೆಳಕಿನಲ್ಲಿ ಟಾರ್ಚ್ ಹಚ್ಚಿ ಗಡಿಯಾರ ನೋಡಿ. ಎಷ್ಟು ಗಂಟೆಗೆ ಮಂಕಾಯಿತು ಎಂದು ಬರೆದಿಡಿ. ನಿಕಲ್ ಸೆಲ್ ಕೊನೆಯವರೆಗೂ ಚೆನ್ನಾಗಿದ್ದು ಏಕಾಏಕಿ ಕೈಕೊಡುತ್ತದೆ. ಆ ಹೊತ್ತು ನಿಮಗೆ ಮೊದಲೇ ಗೊತ್ತಿರಬೇಕು.
2. ನಲ್ಲಿಯ ಕೆಳಗೆ ಎರಡು ನಿಮಿಷ ಹಿಡಿಯಿರಿ. ಒರೆಸಿ, ಬಿಚ್ಚಿ, ಒಳಗೆ ಹನಿ ಇದೆಯೇ ನೋಡಿ.
3. ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬೀಳಿಸಿ. ಬೆಳಕು ಮಿಟುಕಿದರೆ ಒಳಗಿನ ಸ್ಪ್ರಿಂಗ್ ಸಡಿಲ, ಹಿಂದಿರುಗಿಸಿ.
4. ಕಣ್ಣು ಮುಚ್ಚಿ ಸೆಲ್ ಬದಲಿಸಿ. ಕತ್ತಲೆಯಲ್ಲಿ ಟಾರ್ಚ್ ಆರಿದಾಗ ನಿಮಗೆ ಬೇಕಾದ ವಿದ್ಯೆ ಇದೊಂದೇ.
5. ತಲೆಯ ಮೇಲೆ ಇರುಮುಡಿಯ ಬದಲು ದಿಂಬು ಇಟ್ಟುಕೊಂಡು ರಾತ್ರಿ ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ನಗಬೇಡಿ, ದೀಪ ಎಲ್ಲಿ ಕಟ್ಟಬೇಕು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹೊರಡುವಾಗ ಟಾರ್ಚಿನ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಹೆಚ್ಚಿನ ಅಲ್ಯುಮಿನಿಯಂ ಟಾರ್ಚುಗಳಲ್ಲಿ ಸಂಪರ್ಕ ತಪ್ಪಿ, ಚೀಲದೊಳಗೆ ತಾನೇ ಹೊತ್ತಿಕೊಂಡು ಖಾಲಿಯಾಗುವುದು ತಪ್ಪುತ್ತದೆ.

ಬೆಳಕಿನ ಮರ್ಯಾದೆ

ಎದುರಿಗೆ ಬರುವವರೂ ಸ್ವಾಮಿಯೇ. ಅವರ ಕಣ್ಣಿಗೆ ಟಾರ್ಚ್ ಬಿಡಬೇಡಿ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಮತ್ತೆ ಕಾಣಲು ಹಲವು ನಿಮಿಷ ಬೇಕು. ಇಳಿಜಾರಿನಲ್ಲಿ ಅಷ್ಟು ಹೊತ್ತು ಅವರು ಕುರುಡರಂತೆ. ಕಾಡಿನಲ್ಲಿ ಪ್ರಾಣಿಯ ಕಣ್ಣು ಹೊಳೆದರೆ ಅದರ ಮೇಲೆ ಬೆಳಕು ಆಡಿಸಬೇಡಿ, ಮಿಟುಕಿಸಬೇಡಿ. ನಿಂತು, ಸದ್ದಿಲ್ಲದೆ, ಗುಂಪಾಗಿ ಹಿಂದೆ ಸರಿಯಿರಿ.

ಸೆಲ್ಲಿನ ಪ್ಲಾಸ್ಟಿಕ್ ಪೊಟ್ಟಣ ಮನೆಯಲ್ಲೇ ಬಿಚ್ಚಿಡಿ. ಪೂಂಕಾವನದ ಶುಚಿತ್ವಕ್ಕಾಗಿ 2011ರಲ್ಲಿ ಶುರುವಾದ ‘ಪುಣ್ಯಂ ಪೂಂಕಾವನಂ’ ಸೇವೆ ಹೇಳಿದ್ದೂ ಇದನ್ನೇ: ಕಸ ತರಬೇಡಿ, ತಂದರೆ ಹಿಂದಕ್ಕೆ ಒಯ್ಯಿರಿ. ಸತ್ತ ಸೆಲ್ಲನ್ನು ಪಂಪೆಗೂ ಎಸೆಯಬೇಡಿ, ಸನ್ನಿಧಾನದ ಆಳಿಗೂ ಎಸೆಯಬೇಡಿ. ಬೆಂಕಿಗೆ ಬಿದ್ದ ಸೆಲ್ ಸಿಡಿಯುತ್ತದೆ, ಸುತ್ತ ನಿಂತವರು ತುಪ್ಪದ ಕಾಯಿ ಹಿಡಿದ ಸ್ವಾಮಿಗಳು. ಊರಿಗೆ ತಂದು ಇ-ತ್ಯಾಜ್ಯ ಪಡೆಯುವಲ್ಲಿ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ಉತ್ಪಾದಕರದ್ದು.

ಯಾತ್ರೆ ಮುಗಿಸಿ ಮಾಲೆ ಇಳಿಸಿದ ದಿನವೇ ಟಾರ್ಚಿನಿಂದ ಸೆಲ್ ತೆಗೆಯಿರಿ. ಲಿಥಿಯಂ ಸೆಲ್ಲನ್ನು ಅರ್ಧ ತುಂಬಿಸಿ ತಂಪಾದ ಕಡೆ ಇಡಿ, ನಿಕಲ್ ಸೆಲ್ಲನ್ನು ಡಬ್ಬಿಯಲ್ಲಿ ಇಡಿ. ಮನೆಯಲ್ಲಿ ಕರೆಂಟ್ ಹೋದಾಗ ಅದೇ ಟಾರ್ಚ್ ಬಳಸಿ. ಬಳಕೆಯಲ್ಲಿರುವ ಸೆಲ್ ಕೆಡುವುದು ತಡ.

ಕಾಲು ಉಳುಕಿಸಿಕೊಂಡ ಆ ಕನ್ನಿಸ್ವಾಮಿ ಈಗ ನಮ್ಮ ತಂಡದ ಕೊನೆಯ ಸ್ವಾಮಿ. ಹಿಂದಿನ ಟಾರ್ಚ್ ಅವನ ಕೈಯಲ್ಲೇ ಇರುತ್ತದೆ. ಎಲ್ಲರ ಹೆಜ್ಜೆಗೂ ಬೆಳಕು ಬಿದ್ದಿದೆಯೇ ಎಂದು ನೋಡಿಕೊಂಡೇ ತಾನು ಹೆಜ್ಜೆ ಇಡುತ್ತಾನೆ. ನಿಮ್ಮ ತಂಡದಲ್ಲೂ ಅಂಥವರೊಬ್ಬರು ಇರಲಿ.

ಓದಿದ ಮೇಲೆ ನಿಮ್ಮ ಗುರುಸ್ವಾಮಿಗಳಿಗೆ ತೋರಿಸಿ, ಅವರು ಹೇಳಿದ್ದೇ ಕೊನೆಯ ಮಾತು. ಎಲ್ಲರ ಯಾತ್ರೆಯೂ ಸುಖವಾಗಿ ಸಾಗಲಿ.

ಸ್ವಾಮಿಯೇ ಶರಣಮಯ್ಯಪ್ಪ.